ಮರಳಗೇರಿಯ ಹಳದಿ ರಸ್ತೆ

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನನ್ನ ಕಥೆ ನಾನೇ ಹೇಳಿಕೊಳ್ಳುವಷ್ಟು ದೊಡ್ಡ ಬದುಕು ನನ್ನದಲ್ಲ. ನಾನು ಒಂದು ರಸ್ತೆ ನಕ್ಷೆ. ದಾರಿ ತೋರಿಸುವುದು ನನ್ನ ಕೆಲಸ. ಆ ಒಂದೇ ಕೆಲಸದಲ್ಲಿ, ನನ್ನನ್ನು ನಂಬಿದ ಒಬ್ಬ ಒಳ್ಳೆಯ ಮನುಷ್ಯನನ್ನು ಅವನ ಬೀಗರ ಮುಂದೆ ತಲೆತಗ್ಗಿಸುವಂತೆ ಮಾಡಿದೆ. ಅಂಥದ್ದು ಬಾಯಿ ತೆರೆಯಬಾರದು. ಆದರೂ ಹೇಳದೆ ಇರಲಾರೆ. ತಪ್ಪಿದ್ದರೆ ತಿದ್ದಿಕೊಳ್ಳಿ.

ನಾನು ಹುಟ್ಟಿದ್ದು ಬೆಂಗಳೂರಿನ ಒಂದು ಮುದ್ರಣಾಲಯದಲ್ಲಿ. ನಾಲ್ಕು ಸಲ ಯಂತ್ರದೊಳಗೆ ಹೋಗಿ ಬಂದೆ. ಮೊದಲು ನೀಲಿ ಬಣ್ಣದಲ್ಲಿ ಹೊಳೆಗಳು ಬಿದ್ದವು. ಆಮೇಲೆ ಹಳದಿಯಲ್ಲಿ ಸಣ್ಣ ರಸ್ತೆಗಳು, ಕೆಂಪಿನಲ್ಲಿ ದೊಡ್ಡ ರಸ್ತೆಗಳು. ಕೊನೆಗೆ ಕಪ್ಪಿನಲ್ಲಿ ಊರುಗಳ ಹೆಸರು. ಹೆಸರು ಬೀಳುವವರೆಗೂ ನಾನು ಬರೀ ಗೆರೆಗಳ ಗೋಜಲು. ಹೊಳೆಗಳು ನನ್ನ ಮೈಮೇಲೆ ಹೊಲಿಗೆಯ ನೂಲಿನಷ್ಟು ಸಣ್ಣಗಿದ್ದವು. ಆ ನೂಲು ಮುಂದೊಂದು ದಿನ ಹಿಗ್ಗುತ್ತದೆ ಎಂದು ನನಗೆ ಯಾರೂ ಹೇಳಲಿಲ್ಲ.

ಗದಗಿನ ಒಂದು ಲಾರಿ ಆಫೀಸಿನ ಗೋಡೆಯ ಮೇಲೆ ಕೆಲವು ವರ್ಷ ಇದ್ದೆ. ಬೀಡಿ ಹೊಗೆ ಕುಡಿದೆ, ಚಹಾದ ಕಲೆ ಹೊತ್ತೆ. ಆಫೀಸು ಮುಚ್ಚಿದಾಗ ಸಂಜೆ ಶಾಲೆಯ ದೇಸಾಯಿ ಮಾಸ್ತರರು ನನ್ನನ್ನು ಎತ್ತಿಕೊಂಡು ಹೋಗಿ, ಬೆನ್ನಿಗೆ ಬಟ್ಟೆ ಅಂಟಿಸಿ, ತರಗತಿಯಲ್ಲಿ ನೇತುಹಾಕಿದರು. ನನಗೆ ಏನಾದರೂ ವಿದ್ಯೆ ಬಂದಿದ್ದರೆ ಅಲ್ಲಿಯದೇ. ಹಗಲೆಲ್ಲ ದುಡಿದವರು ಸಂಜೆ ಆರಕ್ಕೆ ಬಂದು ಬೆಂಚಿನ ಮೇಲೆ ಆಕಳಿಸುತ್ತ ಕೂರುತ್ತಿದ್ದರು. ಅವರಲ್ಲಿ ಆಕಳಿಸದೆ ಇದ್ದವರು ಉಳವಪ್ಪನವರು. ಹಗಲು ಹತ್ತಿ ಮಾರುಕಟ್ಟೆಯಲ್ಲಿ ಅಂಡಿಗೆ, ಅಂದರೆ ಹತ್ತಿ ಮೂಟೆ, ತೂಗುವ ಕೆಲಸ, ಸಂಜೆ ಮುಂದಿನ ಬೆಂಚು. ಉತ್ತರ ಗೊತ್ತಿದ್ದರೂ ಕೈ ಎತ್ತಿ, ಮತ್ತೆ ಅನುಮಾನ ಬಂದು ಇಳಿಸುತ್ತಿದ್ದರು. ನನಗೆ ಅವರೆಂದರೆ ಒಂದು ಬಗೆಯ ಸಲಿಗೆ. ನನ್ನ ಸ್ವಭಾವವೂ ಅಂಥದೇ.

ಮೂವತ್ತರ ವಯಸ್ಸಿನಲ್ಲಿ ಅವರು ಎಸ್ಸೆಸ್ಸೆಲ್ಸಿ ಪಾಸಾದರು. ಭೂಗೋಳದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ. ಮಾಸ್ತರರು ನನ್ನನ್ನು ಮಡಿಚಿ ಅವರ ಕೈಗಿಟ್ಟು, "ಬಾಕಿ ಮಂದಿ ಇದನ್ನ ಗ್ವಾಡಿ ಅಂತ ನೋಡ್ಯಾರ. ನೀ ಒಬ್ಬನ ಓದಿದಿ. ನೀನ ಇಟ್ಕೋ" ಎಂದರು.

ಉಳವಪ್ಪನವರು ಎಲ್ಲಿಗೂ ಹೋದವರಲ್ಲ. ಆದರೂ ಭಾನುವಾರ ನನ್ನನ್ನು ನೆಲದ ಮೇಲೆ ಹಾಸಿ, ಮಂಡಿಯೂರಿ ಕೂತು, ಬೆರಳಿನಿಂದ ಊರೂರು ಸುತ್ತುತ್ತಿದ್ದರು. ಹೀಗಾಗಿ ನಾನು ಅವರ ಮುಖವನ್ನು ಹೆಚ್ಚಾಗಿ ಕೆಳಗಿನಿಂದಲೇ ನೋಡಿದ್ದು: ಗದ್ದ, ಮೂಗು, ಸದಾ ಏನೋ ಲೆಕ್ಕ ಹಾಕುತ್ತಿರುವ ಹುಬ್ಬು. ಅವರ ಹೆಂಡತಿ ನೀಲವ್ವ ಕಸಬರಿಗೆ ಹಿಡಿದು ನನ್ನ ಅಂಚಿನವರೆಗೆ ಬಂದು, "ಎಲ್ಲಿ ಮಟ ಹೋದ್ರಿ? ಊಟಕ್ಕ ಬರ್ತೀರೋ, ಅಲ್ಲೇ ಮಾಡ್ತೀರೋ?" ಎಂದು ನಗುತ್ತಿದ್ದರು.

ಅವರ ಒಬ್ಬಳೇ ಮಗಳು ಶಶಿಕಲಾಳನ್ನು ಸಿಂಧನೂರಿಗೆ ಕೊಟ್ಟರು. ಮದುವೆಯ ದಿನ ಒಂದು ತಪ್ಪಾಯಿತು. ಬೀಗರನ್ನು ಇದಿರುಗೊಳ್ಳಲು ಉಳವಪ್ಪನವರು ನೀರು ಬೆಲ್ಲ ಹಿಡಿದು, ವಾಲಗದವರ ಜೊತೆ ಬಸ್ ನಿಲ್ದಾಣದಲ್ಲಿ ಎರಡು ತಾಸು ನಿಂತರು. ಬೀಗರು ರೈಲಿನಲ್ಲಿ ಬಂದಿಳಿದು, ಕೇಳುವವರಿಲ್ಲದೆ, ಟಾಂಗಾ ಹಿಡಿದು ತಾವೇ ಮಂಟಪ ಹುಡುಕಿಕೊಂಡು ಬಂದರು. ಬೀಗರಾದ ಚನಬಸಪ್ಪನವರು ಅದನ್ನು ಅಂದು ನಕ್ಕು ಬಿಟ್ಟರು, ಆದರೆ ಬಿಡಲಿಲ್ಲ. ಮಗಳು ತವರಿಗೆ ಬಂದಾಗ ತಾಯಿಯ ಬಳಿ ಹೇಳಿಕೊಂಡಿದ್ದು ನನ್ನ ಕಿವಿಗೂ ಬಿತ್ತು. "ಏನ ತಪ್ಪಾದ್ರೂ ಅದ ಮಾತು ಯವ್ವಾ. ಪಲ್ಯಾಕ ಉಪ್ಪು ಹೆಚ್ಚಾದ್ರ, ದಾರಿ ತಪ್ಪಿದವರ ಮಗಳು ಅಂತಾರ."

ಒಳಗೆ ಕೂತಿದ್ದ ಉಳವಪ್ಪನವರೂ ಕೇಳಿಸಿಕೊಂಡರು. ಮರುದಿನವೇ ಸಿಂಧನೂರಿಗೆ ಪತ್ರ ಬರೆದರು. ಬೀಗರು ಗದಗಿಗೆ ಬರಬೇಕು. ಒಂದು ವಾರ ಜೀಪು ಮಾಡಿಕೊಂಡು ಬಾದಾಮಿ, ವಿಜಯಪುರ, ಸೊಲ್ಲಾಪುರ, ತುಳಜಾಪುರ ಎಲ್ಲ ತೋರಿಸುತ್ತೇನೆ. ಏಳು ದಿನ ಒಂದು ತಿರುವೂ ತಪ್ಪದೆ ಕರೆದುಕೊಂಡು ಹೋಗಿ ಬಂದರೆ ಆ ಮಾತು ಸಾಯುತ್ತದೆ, ಮಗಳು ತಲೆಯೆತ್ತುತ್ತಾಳೆ. ಇದು ಅವರ ಆಸೆ.

ಒಂದು ತಿಂಗಳು ನನ್ನ ಮೇಲೆ ಕೆಲಸ ನಡೆಯಿತು. ಒಂದೊಂದು ರಾತ್ರಿಯ ಮುಕ್ಕಾಮಿಗೆ ಒಂದೊಂದು ಹುಣಸೆ ಬೀಜ ಇಟ್ಟರು. ಬೆರಳಿನ ಗೆಣ್ಣಿನಿಂದ ಮೈಲಿ ಎಣಿಸಿದರು. ಬೀಗಿತ್ತಿಗೆ ಮಂಡಿನೋವು ಎಂದು ಮೆಟ್ಟಿಲು ಹೆಚ್ಚಿರುವ ಗುಡಿಗಳನ್ನು ಬಿಟ್ಟರು. ಮತ್ತೆ, ಬಿಟ್ಟದ್ದಕ್ಕೆ ಏನೆಂದುಕೊಳ್ಳುತ್ತಾರೋ ಎಂದು ಸೇರಿಸಿದರು. ನನಗೆ ಹೆಮ್ಮೆಯಾಗುತ್ತಿತ್ತು. ಈಗ ಅದನ್ನು ನೆನೆದರೆ ಮೈ ಮುದುಡಿಕೊಳ್ಳುತ್ತದೆ.

ಬೀಗರು ಭಾನುವಾರ ಬಂದರು. ಈ ಸಲ ಉಳವಪ್ಪನವರು ರೈಲು ನಿಲ್ದಾಣದಲ್ಲಿ ನಿಂತು, ಬಸ್ ನಿಲ್ದಾಣಕ್ಕೆ, ಮಗಳೊಂದಿಗೆ ಮೊದಲೇ ಬಂದಿದ್ದ ಅಳಿಯನನ್ನು ಕಳಿಸಿದ್ದರಂತೆ. ಹೋಳಿಗೆ ಊಟವಾಯಿತು. ಚನಬಸಪ್ಪನವರು ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಂಡರು. ಉಳವಪ್ಪನವರು ಕೈ ಒರೆಸಿಕೊಂಡು, ನನ್ನನ್ನು ಪಡಸಾಲೆಯ ನಡುವೆ ಹಾಸಿ, ಬೀಜಗಳನ್ನಿಟ್ಟು ವಿವರಿಸತೊಡಗಿದರು.

"ನಾಳೆ ಸೋಮವಾರ ಬಾದಾಮಿ. ಮಂಗಳವಾರ ಅಲ್ಲಿಂದ ಸೀದಾ ಬಾಗಲಕೋಟಿ ಮ್ಯಾಲೆ ವಿಜಯಪುರ..."

"ಅದೇನ ಹಾಸೀರಿ ಬೀಗರ, ಪಗಡಿ ಆಟಾ?" ಎಂದರು ಚನಬಸಪ್ಪ. "ನನಗ ಈ ಗೆರಿ ತಿಳ್ಯಂಗಿಲ್ಲ ಬಿಡ್ರಿ. ಜೀಪಿನ್ಯಾಗ ಕೂಡ್ರಿಸ್ರಿ, ಇಳಿಯಂದಲ್ಲಿ ಇಳೀತೀವಿ. ಬರೇ ರೈಲು ಯಾವುದು, ಬಸ್ಸು ಯಾವುದು ನೋಡ್ಕೊಳ್ರಿ, ಸಾಕು."

ಎಲ್ಲರೂ ನಕ್ಕರು. ಶಶಿಕಲಾ ತಾಟು ಎತ್ತಿಕೊಂಡು ಒಳಗೆ ಹೋದಳು.

ನಗದೆ ಇದ್ದವರು ಬೀಗಿತ್ತಿ ಗುರುಬಾಯಿ. ಕಡಿಮೆ ಮಾತಿನ ಹೆಂಗಸು. ನಾಲ್ಕನೆಯ ಇಯತ್ತೆವರೆಗೆ ಓದಿದ್ದರು. ಅವರು ಹತ್ತಿರ ಸರಿದು, ನನ್ನ ಮೇಲೆ ಬಾಗಿ, ಒಂದೊಂದೇ ಹೆಸರನ್ನು ತುಟಿಯಲ್ಲಿ ಓದುತ್ತಿದ್ದರು. ಬಾದಾಮಿಯಿಂದ ಪಡುವಣಕ್ಕೆ ಕೆರೂರು, ಅಲ್ಲಿಂದ ಮೇಲೆ ಸಣ್ಣದೊಂದು ಹಳದಿ ಗೆರೆ. ಆ ಗೆರೆಯ ಮೇಲೆ, ಹೊಳೆಯ ನೂಲಿಗೆ ಸ್ವಲ್ಪ ಈಚೆ, ಅತಿ ಸಣ್ಣ ಅಕ್ಷರದಲ್ಲಿ ಮರಳಗೇರಿ ಎಂದಿತ್ತು. ಅಲ್ಲಿ ಅವರ ಬೆರಳು ನಿಂತಿತು. ಬೆರಳ ತುದಿ ತಣ್ಣಗಿತ್ತು.

ಬೆರಳು ತೆಗೆಯದೆ ಕೇಳಿದರು. "ಮಂಗಳವಾರ ಯಾವ ದಿಕ್ಕಿಗೆ ಹೊಂಟೀವ್ರಿ?"

"ಬಡಗಣಕ್ಕ ಬೀಗಿತ್ಯಾರ."

"ಮಂಗಳವಾರ ಬಡಗಣಕ್ಕ ವಾರಶೂಲಿ ಅಲ್ಲೇನ್ರಿ? ಆ ದಿಕ್ಕಿಗೆ ಹೊರಡಬಾರ್ದು."

ಉಳವಪ್ಪನವರ ಮುಖ ಬಿಳುಚಿಕೊಂಡಿತು. ಯಾವ ವಾರ ಯಾವ ದಿಕ್ಕಿಗೆ ಹೊರಡಬಾರದು ಎಂಬುದು ಅವರಿಗೂ ಗೊತ್ತಿದ್ದದ್ದೇ. ಒಂದು ತಿಂಗಳು ಯೋಚಿಸಿದವರು ಅದೊಂದನ್ನು ಯೋಚಿಸಿರಲಿಲ್ಲ. ಗಡಿಬಿಡಿಯಲ್ಲಿ ಬೀಜಗಳನ್ನು ಅತ್ತಿತ್ತ ಸರಿಸಿದರು. "ಹಂಗಾರ ಮೂಡಣಕ್ಕ ಹೊಂಟು, ಹುನಗುಂದದ ಕಡಿಂದ..."

"ಭಾಳ ಸುತ್ತ ಆಗೂದಿಲ್ರೀ?" ಎಂದರು ಗುರುಬಾಯಿ. "ಪಡುವಣಕ್ಕ ಹೊಂಟ್ರ? ಇಲ್ಲೊಂದು ಹಳದಿ ರಸ್ತೆ ಐತಿ ನೋಡ್ರಿ. ಹೊಳಿ ದಾಟಿ ವಿಜಯಪುರಕ್ಕ ಕೂಡತೈತಿ."

ಉಳವಪ್ಪನವರು ಬಾಗಿ ನೋಡಿದರು. ಗೆರೆ ಇತ್ತು. ಹೊಳೆಗೆ ಸೇತುವೆಯ ಗುರುತೂ ಇತ್ತು. ಆದರೂ ಅವರ ಹುಬ್ಬು ಗಂಟಾಯಿತು. "ಆ ಕಡೆ ಆಣೆಕಟ್ಟಿನ ಹಿನ್ನೀರು ಬಂದೈತಿ ಅಂತ ಕೇಳಿದ್ದೆ. ಎಲ್ಲಿ ಮಟ ಬಂದೈತೋ ಏನೋ."

ಗುರುಬಾಯಿಯವರ ಬೆರಳು ಇನ್ನೂ ನನ್ನ ಮೇಲೇ ಇತ್ತು. ಆಮೇಲೆ ಅವರೆಂದರು:

"ನಕಾಶಿಯೊಳಗ ರಸ್ತೆ ಐತಲ್ರಿ."

ನನ್ನ ಸಾಕ್ಷಿಯ ಮೇಲೆ ಆ ಮಾತು ಮುಗಿಯಿತು. ಅನುಮಾನದ ಮನುಷ್ಯ ಜೀವನದಲ್ಲಿ ಒಮ್ಮೆ ಅನುಮಾನ ಬಿಟ್ಟ. ಕೆಂಪು ಪೆನ್ಸಿಲಿನಿಂದ ಮರಳಗೇರಿಯ ಮೇಲೆ ಗೆರೆ ಎಳೆದೇ ಬಿಟ್ಟರು.

ಸೋಮವಾರ ಬಾದಾಮಿ ಚೆನ್ನಾಗಿ ಆಯಿತು. ಚನಬಸಪ್ಪನವರು ಸಹ ಗುಹೆಗಳನ್ನು ನೋಡಿ, "ಪರವಾಗಿಲ್ರಿ ಬೀಗರ" ಎಂದರು. ಮಂಗಳವಾರ ಬೆಳಿಗ್ಗೆ ಜೀಪು ಪಡುವಣಕ್ಕೆ ಹೊರಟಿತು. ನಾನು ಉಳವಪ್ಪನವರ ತೊಡೆಯ ಮೇಲೆ. ಕೆರೂರು ದಾಟಿ ಹಳದಿ ರಸ್ತೆಗೆ ಬಿದ್ದ ಮೇಲೆ ಎದುರಿಗೆ ಒಂದು ಗಾಡಿಯೂ ಬರಲಿಲ್ಲ. ಜೀಪು ಓಡಿಸುತ್ತಿದ್ದ ಮಕ್ತುಂಸಾಬ ಎರಡು ಸಲ, "ಯಾರ್ನರ ಕೇಳೂಣೇನ್ರಿ?" ಎಂದ. ಕೇಳಿದರೆ ದಾರಿ ಗೊತ್ತಿಲ್ಲವೆಂದು ಬೀಗರು ತಿಳಿಯುತ್ತಾರೆ. "ಸೀದಾ ಹೋಗು" ಎಂದರು ಉಳವಪ್ಪನವರು. ಅವರ ಅಂಗೈ ಬೆವರು ನನ್ನ ಮೈಗೆ ಇಳಿಯುತ್ತಿತ್ತು.

ಒಂದು ದಿಬ್ಬ ಹತ್ತಿ ಇಳಿದೆವು. ರಸ್ತೆ ಸೀದಾ ನೀರಿನೊಳಗೆ ಹೋಗಿತ್ತು.

ಕಣ್ಣು ಹರಿಯುವವರೆಗೂ ನೀರು. ಡಾಂಬರು ಇಳಿಜಾರಿನಲ್ಲಿ ಇಳಿದು, ಮೊದಲು ಒದ್ದೆಯಾಗಿ, ಆಮೇಲೆ ಕಾಣದಾಗಿತ್ತು. ಅಂಚಿನಲ್ಲಿ ಅರ್ಧ ಮುಳುಗಿದ ಮೈಲಿಗಲ್ಲು. ಅದರ ಮೇಲೆ 'ಮರಳಗೇ' ಎಂಬಷ್ಟು ಕಾಣುತ್ತಿತ್ತು. ದೂರದಲ್ಲಿ ಒಣಗಿದ ಬೇವಿನ ಮರಗಳ ತಲೆ, ಒಂದು ಗುಡಿಯ ಕಳಸ.

ಚನಬಸಪ್ಪನವರು ಇಳಿದು, ಸೊಂಟದ ಮೇಲೆ ಕೈಯಿಟ್ಟು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೊದಲ ಹೇಳಬೇಕೋ ಬ್ಯಾಡೋ ಬೀಗರ! ಈಸಾಕ ಬೆನ್ನಿಗೆ ತೇಲೂ ಸೋರಿಬುರಡಿ ಕಟ್ಕೊಂಡು ಬರ್ತಿದ್ವಿ. ಲಗ್ನದಾಗ ಸ್ಟೇಷನ್ನಿನ್ಯಾಗ ಕೂಡ್ರಿಸಿದ್ರಿ, ಇವತ್ತ ನೀರಾಗ ಇಳಸಾಕ ತಂದೀರಿ. ಮುಂದಿನ ಸಲ ಎಲ್ಲಿಗ್ರಿ?"

ಉಳವಪ್ಪನವರು ನಗಲು ಹೋದರು, ಆಗಲಿಲ್ಲ. ಶಶಿಕಲಾ ಜೀಪಿನೊಳಗೇ ಸೆರಗು ಮುಖಕ್ಕೆ ಒತ್ತಿಕೊಂಡು ಕೂತಳು. ಮಗಳನ್ನು ಒಮ್ಮೆ ನೋಡಿ, ಅಪ್ಪ ನನ್ನನ್ನು ಮಡಿಚಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ತಪ್ಪು ಮಡಿಕೆಗೆ ಮಡಿಚಿದರು. ನನಗೆ ನೋವಾಗಲಿಲ್ಲ, ನಾಚಿಕೆಯಾಯಿತು. ಆ ರಸ್ತೆ ಇದೆ ಎಂದು ಹೇಳಿದ್ದು ನಾನು.

ಗುರುಬಾಯಿಯವರು ಯಾರಿಗೂ ಹೇಳದೆ ನೀರಿನ ಅಂಚಿಗೆ ನಡೆದಿದ್ದರು. ಮಂಡಿನೋವಿನವರು ಕುಕ್ಕರಗಾಲಲ್ಲಿ ಕೂತು, ಚೀಲದಿಂದ ಹಸಿರು ಕುಪ್ಪಸದ ಕಣ, ಅಕ್ಕಿ, ಐದು ಅಡಿಕೆ, ಒಂದು ಬೆಲ್ಲದ ಚೂರು ತೆಗೆದು ನೀರಿಗೆ ಬಿಟ್ಟರು.

"ಅದೇನು ಮಾಡಾಕತ್ತಿ?" ಗಂಡ ಕೂಗಿದರು.

"ಹೊಳಿ ಕಂಡೀವಲ್ರಿ. ಉಡಿ ತುಂಬಬಾರ್ದೇನು?"

ಹೊಳೆ ಕಂಡಲ್ಲಿ ಉಡಿ ತುಂಬುವುದು ಪದ್ಧತಿಯೇ. ಯಾರೂ ಮತ್ತೆ ಕೇಳಲಿಲ್ಲ. ಹಸಿರು ಬಟ್ಟೆ ಮೈಲಿಗಲ್ಲನ್ನು ಸುತ್ತಿ, ಒಳಗೆ ತೇಲಿಹೋಯಿತು. ಅವರು ತಿರುಗಿ ಬಂದಾಗ ಉಳವಪ್ಪನವರ ಮುಖ ನೋಡಿದರು, ಬಾಯಿ ತೆರೆದರು. ಆಮೇಲೆ ಜೀಪು ಹತ್ತಿ ಕೂತರು.

ಉಳಿದ ದಿನಗಳಲ್ಲಿ ನನ್ನನ್ನು ಬಿಚ್ಚಲಿಲ್ಲ. ಪ್ರತಿ ಕವಲಿನಲ್ಲೂ ಉಳವಪ್ಪನವರೇ ಇಳಿದು ಮೂವರನ್ನು ಕೇಳಿ ಬರುತ್ತಿದ್ದರು.

ಬೀಗರು ಹೊರಡುವ ದಿನ ನೀಲವ್ವ ಬೀಗಿತ್ತಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊನೆ, ಕಣ. ಗುರುಬಾಯಿ ಸೆರಗು ಹಿಡಿದೇ ಇದ್ದರು. "ಅದೊಂದು ನಕಾಶಿನೂ ಹಾಕ್ರಿ ನೀಲವ್ವ."

ಉಳವಪ್ಪನವರು ಬಾಗಿಲಲ್ಲಿದ್ದರು. "ಅದು ಸುಳ್ಳು ನಕಾಶಿರಿ ಬೀಗಿತ್ಯಾರ. ಹೊಸಾದು ತಂದು ಕೊಡ್ತೀನಿ."

"ಹೊಸಾದರಾಗ ಇರೂದಿಲ್ರಿ."

ಏನು ಇರುವುದಿಲ್ಲ ಎಂದು ಉಳವಪ್ಪನವರು ಕೇಳಲಿಲ್ಲ. ಚನಬಸಪ್ಪನವರು ಮಾತ್ರ, "ತಗೋ ತಗೋ, ನಾವರ ಮನಿ ಮುಟ್ಟಬೇಕಲ್ಲ" ಎಂದು ನಕ್ಕರು. ಹೀಗೆ ನಾನು ಅಕ್ಕಿ ಅರಿಶಿನದ ಜೊತೆ ಒಬ್ಬ ಹೆಂಗಸಿನ ಉಡಿಗೆ ಬಿದ್ದು ಸಿಂಧನೂರಿಗೆ ಬಂದೆ.

ಅಲ್ಲಿ ಟ್ರಂಕಿನೊಳಗೆ, ಇಳಕಲ್ ಸೀರೆಗಳ ಅಡಿಯಲ್ಲಿ ನನ್ನ ಜಾಗ. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಗುರುಬಾಯಿ ನನ್ನನ್ನು ತೊಡೆಯ ಮೇಲೆ ಹರಡಿ, ಮರಳಗೇರಿಯ ಮೇಲೆ ಬೆರಳಿಟ್ಟು, "ಆಯಿ" ಎಂದು ಅಜ್ಜಿಯನ್ನು ಕರೆಯುತ್ತಿದ್ದರು. ಅವರಮ್ಮ ಬಾಣಂತನದಲ್ಲೇ ಹೋಗಿದ್ದರಂತೆ. ಹತ್ತು ವರ್ಷದವರೆಗೆ ಅಜ್ಜಿ ಅವರನ್ನು ಸಾಕಿದ್ದು ಆ ಊರಲ್ಲಿ. ಗಂಡ ಆ ಊರನ್ನು ಕಂಡವರಲ್ಲ. ನೀರು ಬರುವ ಸುದ್ದಿ ಬಂದಾಗ, ಒಮ್ಮೆ ಕರೆದುಕೊಂಡು ಹೋಗಿ ಎಂದದ್ದಕ್ಕೆ, "ಸತ್ತೋರ ಊರಾಗ ಏನೈತಿ?" ಎಂದಿದ್ದರಂತೆ. ಇದೆಲ್ಲ ಅವರು ನನಗೇ ಹೇಳಿದ್ದು. ರಸ್ತೆ ಮುಳುಗಿದ್ದು ಅವರಿಗೆ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು.

ಹೊರಗೆ ಆ ಮಾತು ಸಾಯಲಿಲ್ಲ. ಇನ್ನೂ ಬೆಳೆಯಿತು. "ನಮ್ಮ ಬೀಗರು ರಸ್ತೆ ಅಂತ ಹೊಳಿ ತೋರಿಸಿದ್ರು" ಎಂದು ಚನಬಸಪ್ಪನವರು ಬಂದವರಿಗೆಲ್ಲ ಹೇಳುತ್ತಿದ್ದರು. ಟ್ರಂಕಿನೊಳಗೂ ಕೇಳುತ್ತಿತ್ತು. ಶಶಿಕಲಾ ಪಾತ್ರೆ ಸದ್ದು ಮಾಡುತ್ತಿದ್ದಳು. ಗುರುಬಾಯಿ ಒಳಗೆ ಬಂದು ಟ್ರಂಕಿನ ಮುಚ್ಚಳದ ಮೇಲೆ ಸುಮ್ಮನೆ ಕೂರುತ್ತಿದ್ದರು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವರು ಹೇಳಲಿಲ್ಲ. ನನಗೆ ಹೇಳಲು ಬಾಯಿಲ್ಲ. ಇಬ್ಬರಿಗೂ ಒಂದೇ ನಾಚಿಕೆ. ಅದನ್ನು ಒಂದೇ ಟ್ರಂಕಿನಲ್ಲಿಟ್ಟುಕೊಂಡು ಹನ್ನೊಂದು ವರ್ಷ ಕಳೆದೆವು. ಉಳವಪ್ಪನವರು ಈಗ ಮಾರುಕಟ್ಟೆಗೆ ಹೋಗುವಾಗಲೂ ದಾರಿ ಕೇಳಿಕೊಂಡು ಹೋಗುತ್ತಾರೆ ಎಂದು ಶಶಿಕಲಾ ಒಮ್ಮೆ ಹೇಳಿದಳು. ನಗುತ್ತಲೇ ಹೇಳಿದಳು.

ಈಚೆಗೆ ಗದಗಿನಿಂದ ಫೋನು ಬಂತು. ಉಳವಪ್ಪನವರಿಗೆ ಪಾರ್ಶ್ವವಾಯು ಬಡಿದಿದೆ, ಮಾತು ಬಿದ್ದುಹೋಗಿದೆ, ಕಿವಿ ಮಾತ್ರ ಕೇಳುತ್ತದೆ. ಗುರುಬಾಯಿ ಅಂದೇ ಎದ್ದು ಸೀರೆ ಬದಲಾಯಿಸಿದರು.

"ಇವತ್ತ ಐತವಾರ" ಎಂದರು ಚನಬಸಪ್ಪ. "ಗದಗ ಪಡುವಣಕ್ಕ. ಶೂಲಿ ಅಲ್ಲೇನ? ನಾಳೆ ಹೋಗು."

"ಇರ್ಲಿ ಬಿಡ್ರಿ."

ಟ್ರಂಕು ತೆರೆದು ನನ್ನನ್ನು ಎತ್ತಿಕೊಂಡರು, ಬಿಚ್ಚಿದರು. ಅವರು ಬೆರಳಿಟ್ಟು ಬೆರಳಿಟ್ಟು ಮರಳಗೇರಿಯ ಜಾಗದಲ್ಲಿ ತೂತು ಬಿದ್ದಿದೆ. ಈಗ ನನ್ನ ಮೇಲೂ ಆ ಊರಿಲ್ಲ. ಸ್ವಲ್ಪ ಹೊತ್ತು ನೋಡಿ, ಮತ್ತೆ ಸೀರೆಗಳ ಕೆಳಗಿಟ್ಟು ಹೋದರು. ಮೂರು ದಿನದ ಮೇಲೆ ತಿರುಗಿ ಬಂದರು. ಅದಾದ ಮೇಲೆ ಟ್ರಂಕು ತೆರೆದಿಲ್ಲ.

ಅಂದು ಪಡಸಾಲೆಯಲ್ಲಿ ಅವರು ವಾರಶೂಲೆಯನ್ನು ನಂಬಿ ಹೇಳಿದರೋ, ಹಳದಿ ರಸ್ತೆಗಾಗಿ ಹೇಳಿದರೋ, ನನಗೆ ತಿಳಿಯದು. ಗದಗಿನಲ್ಲಿ ಉಳವಪ್ಪನವರ ಹಾಸಿಗೆಯ ಪಕ್ಕ ಕೂತು ಏನು ಹೇಳಿದರು, ಏನಾದರೂ ಹೇಳಿದರೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.