ಮಾವ ಹಾಕದ ಎರಡನೆಯ ಸುತ್ತು

ನನ್ನ ಸೋದರಮಾವ ತನ್ನ ವಾಯುಪಡೆಯ ಕೋಟನ್ನು ಒಳಮೈ ಹೊರಗೆ ಮಾಡಿ ತೊಡುತ್ತಿದ್ದ. ಹೊಲಿಗೆಯ ಎಳೆಗಳು, ಹರಿದ ಅಸ್ತರು, ಜೇಬಿನ ಬೆನ್ನು ಎಲ್ಲವೂ ಊರಿಗೆ ಕಾಣುವಂತೆ, ಎದೆಯ ಮೇಲಿನ ಪದಕ ಮಾತ್ರ ಯಾರ ಕಣ್ಣಿಗೂ ಬೀಳದಂತೆ. “ಮಾನ ಹೋಗುತ್ತೆ ಕಣೋ, ನೆಟ್ಟಗೆ ಹಾಕ್ಕೋ” ಎಂದು ನನ್ನ ತಾಯಿ ಗದರಿದರೆ, “ಇರೋದಾದ್ರೂ ಉಳೀಲಿ ಅಂತಾನೇ ಅಕ್ಕಾ ಹೀಗೆ ಹಾಕೋದು” ಎನ್ನುತ್ತಿದ್ದ.

ಯುದ್ಧ ಮುಗಿದ ಮೇಲೆ ಹೊಲಿಗೆ ಯಂತ್ರ ರಿಪೇರಿಯ ಪುಟ್ಟ ಅಂಗಡಿ ಇಟ್ಟುಕೊಂಡಿದ್ದ. ನಡಿಗೆ ಗೋಡೆಯನ್ನು ಸವರಿಕೊಂಡೇ ಸಾಗುವಂಥದ್ದು. ಎದುರಾದವರು “ಏನು ಪೈಲಟ್ ಸಾಹೇಬ್ರೇ, ಶತ್ರುವಿನ ಬಾಯಿಗೇ ನುಗ್ಗಿ ಬಂದವರು ನೀವು!” ಎಂದು ಹಾಡಿ ಹೊಗಳಿದರೆ ಉತ್ತರ ಒಂದೇ: “ಹಾಗಂತ ಇಟ್ಕೊಳ್ಳಿ.” ಅದನ್ನು ವಿನಯವೆಂದೇ ತಿಳಿದ ನಾವು ಬೆನ್ನ ಹಿಂದೆ ಅವನನ್ನು ‘ಇಟ್ಕೊಳ್ಳಿ ಮಾವ’ ಎನ್ನುತ್ತಿದ್ದೆವು. ಎಂಥ ದಡ್ಡರು ನಾವು!

ಆ ಸಾಹಸದ ಕಥೆ ಎಲ್ಲರಿಗೂ ಬಾಯಿಪಾಠವಾಗಿತ್ತು. ಶತ್ರುಗಳ ನಡುವೆ ಸಿಕ್ಕಿಬಿದ್ದ ನಮ್ಮ ಕಡೆಯ ಗೂಢಚಾರಿಣಿಯೊಬ್ಬಳನ್ನು ಕರೆತರಲು ಮಾವನೊಬ್ಬನೇ ಸಣ್ಣ ವಿಮಾನದಲ್ಲಿ ಗುಟ್ಟಾಗಿ ಹೋಗಿದ್ದ. ಬಯಲಿನಲ್ಲಿ ಮೂರು ಕೆಂಪು ಬಟ್ಟೆ ಹಾಸಿದ್ದರೆ ಇಳಿಯಬೇಕು, ಎರಡಿದ್ದರೆ ಅಪಾಯ. ಗಾಳಿಗೆ ಬಟ್ಟೆ ಮಡಚಿಕೊಳ್ಳಬಹುದೆಂದು, ಎರಡು ಸುತ್ತು ಹಾಕಿ ನೋಡದೆ ಯಾರೂ ಹಿಂದಿರುಗುವಂತಿಲ್ಲವೆಂಬ ನಿಯಮವಿತ್ತು. ಎರಡು ಸುತ್ತಿನಲ್ಲೂ ಎರಡೇ ಬಟ್ಟೆ ಕಂಡು, ಗುಂಡಿನ ಸುರಿಮಳೆಯ ನಡುವೆ ಬರಿಗೈಯಲ್ಲಿ ಮರಳಿದೆನೆಂದು ಮಾವ ವರದಿ ಬರೆದ. ಪದಕ ಬಂತು.

ಹದಿನೆಂಟು ವರ್ಷಗಳ ಮೇಲೆ ಒಂದು ಮಧ್ಯಾಹ್ನ, ನಾನೂ ಅಲ್ಲಿದ್ದಾಗ, ಆಕೆಯೇ ಅಂಗಡಿಯ ಮೆಟ್ಟಿಲೇರಿ ಬಂದಳು. ವಿಮಾನ ಇಳಿಯದೆ ಹೋದ ಮೇಲೆ ಹನ್ನೊಂದು ದಿನ ಹಿಮದಲ್ಲಿ ನಡೆದು ಗಡಿ ದಾಟಿ, ಕಾಲ್ಬೆರಳುಗಳನ್ನು ಕಳೆದುಕೊಂಡಿದ್ದ ಆಕೆ ಕೋಲೂರಿ ನಿಂತು ಕ್ಷಮೆ ಕೇಳಿದಳು. ಹೌದು, ಆಕೆಯೇ!

“ತಪ್ಪು ನಂದೇ ಅಣ್ಣಾ. ಮೂರನೇ ಬಟ್ಟೆಗೆ ಕಲ್ಲಿಡೋದು ಮರೆತೆ, ಗಾಳಿಗೆ ಮಡಚ್ಕೊಂಡಿತು. ಓಡಿಹೋಗಿ ಸರಿಮಾಡಿ ಎರಡನೇ ಸುತ್ತಿಗೆ ಕಾದೆ. ಅವಸರದಲ್ಲಿ ಈ ಕೈ ಮತ್ತೂ ಸರಿಯಾಗಿ ಹಾಸಲಿಲ್ಲವೇನೋ. ಕಿವಿಯೂ ಕಟ್ಟಿಹೋಗಿತ್ತೇನೋ, ನಿಮ್ಮ ಎರಡನೇ ಸುತ್ತಿನ ಸದ್ದಾಗಲಿ ಗುಂಡಿನ ಸದ್ದಾಗಲಿ ಕೇಳಿಸಲಿಲ್ಲ. ನನ್ನಿಂದ ನಿಮ್ಮ ಪ್ರಾಣಕ್ಕೇ ಕುತ್ತು ಬರ್ತಿತ್ತು.”

“ಹಾಗಂತ ಇಟ್ಕೊಳ್ಳಿ” ಎಂಬ ಮಾತು ಅಭ್ಯಾಸಬಲದಿಂದ ಮಾವನ ಬಾಯಿಂದ ಜಾರಿಬಿಟ್ಟಿತು. ಆಕೆ ತಲೆ ತಗ್ಗಿಸಿ ಮೆಟ್ಟಿಲಿಳಿದಳು.

ಮಾವ ಅಲ್ಲೇ ಕುಸಿದು ಕೂತ. “ಒಂದೇ ಸುತ್ತು ಹಾಕಿದ್ದು ಕಣೋ” ಎಂದ, ನನ್ನ ಮುಖ ನೋಡದೆ. “ಗುಂಡೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಎರಡೇ ಬಟ್ಟೆ ಕಂಡಾಗ ಖುಷಿಯಾಯ್ತು ನನಗೆ. ಸದ್ಯ, ಇಳೀಬೇಕಾಗಿಲ್ಲವಲ್ಲ ಅಂತ.” ಮುಖ ಎಲ್ಲಿಟ್ಟುಕೊಳ್ಳಲಿ ಎಂದು ನನಗೇ ಅನ್ನಿಸಿತು. ನಾಚಿಕೆಯೊಂದಿಗೆ ಸಿಟ್ಟೂ ಬಂದು, “ನನಗೆ ಹೇಳಿ ಏನು ಬಂತು? ಅವರಿಗೆ ಹೇಳು, ಏಳು” ಎಂದು ರಟ್ಟೆ ಹಿಡಿದು ಎಬ್ಬಿಸಿದೆ.

ಬಸ್ ನಿಲ್ದಾಣದ ಬೆಂಚಿನ ಮೇಲೆ ಆಕೆ ಕೂತಿದ್ದಳು. ಮಾವ ನಿಂತೇ ಎಲ್ಲವನ್ನೂ ಹೇಳಿದ. ಆಕೆ ಕೋಲನ್ನು ಬೆಂಚಿಗೆ ಒರಗಿಸಿದಳು.

“ಹೆದರಿಕೆ ನನಗೂ ಇತ್ತು ಅಣ್ಣಾ. ಅದಕ್ಕೆ ನಾನೇನೂ ಅನ್ನಲ್ಲ. ನಾನು ಬದುಕಿ ಬಂದದ್ದು ನಿಮಗೆ ಗೊತ್ತಿರಲಿಲ್ಲವಾ?”

“ಗೊತ್ತಿತ್ತು. ಯುದ್ಧ ಮುಗಿದಾಗಲೇ ಗೊತ್ತಾಯ್ತು.”

“ಹಾಗಾದ್ರೆ ಒಂದು ಕಾಗದ ಬರೆಯೋಕೆ ಏನಾಗಿತ್ತು ನಿಮಗೆ? ಇಷ್ಟು ವರ್ಷ ಈ ಕೈಗೇ ಶಾಪ ಹಾಕ್ಕೊಂಡು ಬದುಕಿದೆನಲ್ಲ!” ಎಂದು ತನ್ನ ಎರಡೂ ಕೈಗಳನ್ನು ಮುಂದೆ ಚಾಚಿದಳು. ಬಸ್ಸು ಬಂತು, ಆಕೆ ಹತ್ತಿ ಹೋದಳು.

ತಮ್ಮ ತಪ್ಪಿಗೆ ನಾಚುವವರ ಬಗ್ಗೆ ಲೋಕಕ್ಕೆ ಕನಿಕರ ಹೆಚ್ಚು, ನನಗೂ ಇತ್ತು. ಹೊಗಳಿಕೆಯನ್ನು ಒಲ್ಲದೆ, ಸುಖವನ್ನು ದೂರವಿಟ್ಟು, ತಮ್ಮನ್ನು ತಾವೇ ದಿನವೂ ದಂಡಿಸಿಕೊಂಡು ಅದನ್ನೇ ಪ್ರಾಯಶ್ಚಿತ್ತವೆಂದು ನಂಬಿರುವ ಈ ಸಂಕೋಚಶೀಲರು ಆ ಏಕಾಂತವ್ರತದಲ್ಲಿ ಎಷ್ಟು ತಲ್ಲೀನರಾಗಿರುತ್ತಾರೆಂದರೆ, ತಾವು ಆಡದೆ ಉಳಿಸಿಕೊಂಡ ಒಂದು ಮಾತಿಗಾಗಿ ಇನ್ನೆಲ್ಲೋ ಒಂದು ನಿರಪರಾಧಿ ಜೀವ ಶಿಕ್ಷೆ ಅನುಭವಿಸುತ್ತಿದೆಯೆಂಬುದು ಅವರಿಗೆ ಹೊಳೆಯುವುದೇ ಇಲ್ಲ.