ಚಿಂದಿ ಹೂವಿನ ಎತ್ತರ

ಅವಳಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು, ಆದರೆ ಅದನ್ನು ಹಿಡಿದು ಕರೆಯುವವರು ಈಗ ಯಾರೂ ಉಳಿದಿರಲಿಲ್ಲ. ಯೂನಿಫಾರಂ ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವುದು ಅವಳ ಕೆಲಸ. ನಾಲಿಗೆಯೂ ಅದೇ ಜಾತಿಯದು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಕತ್ತರಿ.

ಈ ಕತ್ತರಿಗೆ ಮದುವೆ ಗೊತ್ತಾಯಿತು. ಮೂವತ್ತೈದು ದಾಟಿದ ಮೇಲೆ, ತಾನೇ ನೋಡಿ ತಾನೇ ಒಪ್ಪಿದ ಗಂಡಿನ ಜೊತೆ. ಗಂಡು ಲಿಫ್ಟ್ ರಿಪೇರಿಯವನು, ಬಾಯಲ್ಲಿ ಮಾತು ಕಡಿಮೆ, ಜೇಬಿನಲ್ಲಿ ಸಾಮಾನು ಜಾಸ್ತಿ. ಇಬ್ಬರೂ ಸೇರಿ ಹಾಲ್ ಹಿಡಿದರು, ಊಟಕ್ಕೆ ಹೇಳಿದರು. ಅಷ್ಟು ಹೊತ್ತಿಗೆ ಕೈ ಬರಿದಾಯಿತು. ಊಟದ ದುಂಡು ಮೇಜುಗಳ ನಡುವೆ ಇಡಬೇಕಾದ ಹೂವಿಗೆ ಏನೂ ಉಳಿಯಲಿಲ್ಲ.

"ಮೇಜು ಬೋಳಾಗಿದ್ರೆ ಇರ್ಲಿ ಬಿಡು. ಜನ ಊಟಕ್ಕೆ ಬರ್ತಾರೆ, ಮೇಜು ನೋಡೋಕಲ್ಲ," ಅಂದ ಲಿಫ್ಟಿನವನು.

ಹಾಗೆ ಬಿಡುವಂತಿರಲಿಲ್ಲ. ಆ ಬೋಳು ಮೇಜಿಗಾಗಿಯೇ ಕತ್ತರಿಯ ಅತ್ತಿಗೆ, ಅಂದರೆ ಒಡಹುಟ್ಟಿದ ಅಣ್ಣನ ಹೆಂಡತಿ, ಕಾದು ಕೂತಿದ್ದಳು.

"ಅಲಂಕಾರ ಎಲ್ಲ ನಾವೇ ಮಾಡಿಸ್ತೀವಿ. ನಿಮ್ಮಣ್ಣಂಗೂ ಒಂದು ಮರ್ಯಾದೆ ಅಂತ ಇದೆಯಲ್ಲ," ಅಂದಳು ಅತ್ತಿಗೆ. "ಆದ್ರೆ ಮುಂದಿನ ಮೇಜುಗಳು ನಮ್ಮ ಕಡೆಯೋರಿಗೆ. ನಿನ್ನ ಅಂಗಡಿಯೋರು ಹಿಂದೆ ಅಡುಗೆಮನೆ ಬಾಗಿಲ ಹತ್ರ ಕೂತ್ಕೊಳ್ಲಿ, ಅವರಿಗೂ ಅದೇ ಆರಾಮ. ಆ ಗುಂಡಿ ಅಕ್ಕನ ಮುಖ ನೋಡ್ಕೊಂಡು ಊಟ ಮಾಡೋಕೆ ನಮ್ಮ ಕೈಲಾಗಲ್ಲಪ್ಪ."

ಗುಂಡಿ ಅಕ್ಕ ಅಂದರೆ ಅಂಗಡಿಯಲ್ಲಿ ಕಾಜಾ ಮಾಡಿ ಗುಂಡಿ ಹೊಲಿಯುವಾಕೆ. ದಾರ ಕಚ್ಚಿ ಕಚ್ಚಿ ಮುಂದಿನ ಹಲ್ಲು ಸವೆದುಹೋಗಿವೆ, ನಕ್ಕರೆ ಸಂದು ಕಾಣುತ್ತದೆ. ಅಪ್ಪ ಸತ್ತ ವರ್ಷ ಕತ್ತರಿ ಆ ಅಂಗಡಿಗೆ ಸೇರಿದಾಗ ತನ್ನ ಡಬ್ಬಿಯಲ್ಲಿ ಅರ್ಧ ಊಟ ಎತ್ತಿಟ್ಟು ಕೊಡುತ್ತಿದ್ದವಳು ಇವಳು. ಅಣ್ಣ ಅನ್ನಿಸಿಕೊಂಡವನು ಆಗ ಹೊಸ ಸಂಸಾರದಲ್ಲಿ ಮುಳುಗಿದ್ದ, ತಂಗಿ ಉಂಡಳೋ ಬಿಟ್ಟಳೋ ಕೇಳಲಿಲ್ಲ. ಮುಂದಿನ ಮೇಜು ಯಾರದು ಅನ್ನುವುದನ್ನು ಇನ್ನೊಬ್ಬರು ಹೇಳಿಕೊಡಬೇಕೇ?

ಕತ್ತರಿಗೆ ಮೈಯೆಲ್ಲ ಉರಿಯಿತು. "ಹೂವು ನಾನೇ ಮಾಡ್ಕೋತೀನಿ ಅತ್ತಿಗೆ," ಅಂದಳು.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಮ್ಮ."

"ಹಾಸಿಗೆ ಹೊಲಿಯೋರಿಗೆ ಆ ಗಾದೆ ಹೇಳ್ಬೇಡಿ. ಸಾಲದಿದ್ರೆ ತೇಪೆ ಹಾಕ್ಕೋತೀವಿ."

"ಸರಿ, ಹಿಂದಿನ ದಿನ ಬಂದು ನೋಡ್ತೀನಿ. ನಾಲ್ಕು ಜನ ನಗೋ ಹಾಗಿದ್ರೆ ನಮ್ಮ ಡೆಕೊರೇಟರ್ ಬರ್ತಾನೆ. ಯಾರು ಎಲ್ಲಿ ಕೂರ್ಬೇಕು ಅನ್ನೋದನ್ನೂ ನಾನೇ ಹೇಳ್ತೀನಿ."

"ಆಗ್ಲಿ," ಅಂದುಬಿಟ್ಟಳು ಕತ್ತರಿ. ಅವಳದು ಯಾವಾಗಲೂ ಹೀಗೇ, ಬಾಯಿ ಮುಂದು, ಬುದ್ಧಿ ಹಿಂದು.

ಮಾರನೆಯ ದಿನದಿಂದ ಅಂಗಡಿಯ ಚಿಂದಿ ಚೀಲಕ್ಕೆ ಶುಕ್ರದೆಸೆ ಬಂತು. ಶಾಲೆಯ ನೀಲಿ, ಆಸ್ಪತ್ರೆಯ ಹಸಿರು, ಕಾವಲುಗಾರರ ಖಾಕಿ, ಹೋಟೆಲಿನವರ ಕೆಂಪು, ಎಲ್ಲ ತುಂಡೂ ಮೇಜಿನ ಮೇಲೆ ಬಂದು ಬಿದ್ದವು. ಕತ್ತರಿ ಎಸಳು ಕತ್ತರಿಸಿದಳು. ಬಟ್ಟೆಗೆ ಇಸ್ತ್ರಿ ಹಾಕುವ ಮುದುಕ, ಅವನನ್ನು ಎಲ್ಲರೂ ಇಸ್ತ್ರಿ ಮಾವ ಅನ್ನುತ್ತಿದ್ದರು, ಆ ಎಸಳಿಗೆ ಗಂಜಿ ಹಾಕಿ ಒಂದೊಂದನ್ನೂ ಗರಿಗರಿ ಮಾಡಿದ. ಗುಂಡಿ ಅಕ್ಕ ಹೂವಿನ ನಡುವೆ ಒಡಕು ಗುಂಡಿಗಳನ್ನು ಹೊಲಿದಳು. ದಾರ ಸುತ್ತಿ ಬರುವ ಪ್ಲಾಸ್ಟಿಕ್ ಕೋನ್ ಖಾಲಿಯಾದರೆ ಬಿಸಾಡುವ ವಸ್ತು, ಅದೇ ಹೂದಾನಿಯಾಯಿತು. ಅದರ ತುದಿಯ ತೂತಿಗೆ ಉದ್ದನೆಯ ತಂತಿ ಸಿಕ್ಕಿಸಿ, ತಂತಿಯ ಮೇಲೆ ಹೂವು ಅರಳಿಸಿದರು.

"ಖಾಕೀಲಿ ಹೂವು ಬಿಡೋದು ಈಗ್ಲೇ ನೋಡಿದ್ದು ನಾನು," ಅಂದ ಇಸ್ತ್ರಿ ಮಾವ.

ಕತ್ತರಿ ಪ್ರತಿಯೊಂದನ್ನೂ ತನ್ನ ಕಟಿಂಗ್ ಮೇಜಿನ ಮೇಲೆ ನಿಲ್ಲಿಸಿ, ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ, ತಂತಿಯನ್ನು ಇನ್ನಷ್ಟು ಎತ್ತರಿಸುತ್ತಿದ್ದಳು. ಎತ್ತರಿಸಿದಷ್ಟೂ ಅಂದ ಕಾಣುತ್ತಿತ್ತು. ಅವಳಿಗೆ ಹೆಮ್ಮೆ ತಡೆಯಲಾಗಲಿಲ್ಲ.

ಮದುವೆಯ ಹಿಂದಿನ ಮಧ್ಯಾಹ್ನ ಎಲ್ಲವನ್ನೂ ಹಾಲ್‌ಗೆ ಸಾಗಿಸಿ ಮೇಜುಗಳ ನಡುವೆ ಇಟ್ಟರು. ಹೇಳಿದ ಮಾತಿಗೆ ತಪ್ಪದೆ ಅತ್ತಿಗೆಯೂ ಬಂದಳು. ಒಂದು ಸುತ್ತು ಹಾಕಿದಳು, ಒಂದು ಎಸಳನ್ನು ಬೆರಳಲ್ಲಿ ಮುಟ್ಟಿದಳು, ನಗು ಬರಿಸಿಕೊಳ್ಳಲು ನೋಡಿದಳು, ಬರಲಿಲ್ಲ. ಹೂವು ನಿಜಕ್ಕೂ ಚೆನ್ನಾಗಿದ್ದವು. ಆಮೇಲೆ ಕಾಲು ನೋವು ಅಂತ ಒಂದು ಕುರ್ಚಿ ಎಳೆದುಕೊಂಡು ಕೂತಳು.

"ಎದುರುಗಡೆ ಯಾರಿದಾರೆ?" ಅಂದಳು.

"ನಾನೇ ಕೂತಿದೀನಲ್ಲಮ್ಮ," ಅಂತ ಹೂವಿನ ಆಚೆಯಿಂದ ಗುಂಡಿ ಅಕ್ಕನ ದನಿ ಬಂತು.

ಕತ್ತರಿಯೂ ಒಂದು ಕುರ್ಚಿಯಲ್ಲಿ ಕೂತು ನೋಡಿದಳು. ಎದುರಿಗೆ ಬರೀ ಎಸಳು, ತಂತಿ, ಗುಂಡಿ. ಮನುಷ್ಯರ ಸುಳಿವೇ ಇಲ್ಲ. ಆಗ ಹೊಳೆಯಿತು ಅವಳಿಗೆ. ಜನ್ಮವೆಲ್ಲ ನಿಂತು ಕೆಲಸ ಮಾಡಿದವಳು ನಿಂತವರ ಕಣ್ಣಿಗೇ ಅಳತೆ ಹಿಡಿದಿದ್ದಳು. ಊಟಕ್ಕೆ ಜನ ಕೂರುತ್ತಾರೆ ಅನ್ನುವುದು ಅವಳ ತಲೆಗೇ ಬಂದಿರಲಿಲ್ಲ.

"ನೋಡಿದ್ಯಾ?" ಅತ್ತಿಗೆಯ ಮುಖ ಅರಳಿತು. "ಇದು ಹೂವೋ ಬೇಲಿಯೋ? ನಾಳೆ ಬಂದೋರೆಲ್ಲ ನಗ್ತಾರೆ. ಡೆಕೊರೇಟರ್‌ಗೆ ಫೋನ್ ಮಾಡ್ತೀನಿ. ಮಾತು ಮಾತೇ."

ಕತ್ತರಿಗೆ ಅಳು ಬಂತು. ಅತ್ತಿಗೆ ಹೇಳಿದ್ದು ಸುಳ್ಳಾಗಿದ್ದರೆ ಜಗಳ ಆಡಬಹುದಿತ್ತು, ನಿಜವಾಗಿತ್ತು ಅನ್ನುವುದೇ ಉರಿ. ಆದರೆ ಎದುರಿಗೆ ಗುಂಡಿ ಅಕ್ಕ ಆಗಲೇ ಎದ್ದು, ತನ್ನ ಚೀಲ ತೆಗೆದುಕೊಂಡು, "ಹಿಂದೆ ಕೂತ್ರೇನಂತೆ ಬಿಡೇ, ಊಟ ಎಲ್ಲ ಕಡೆ ಒಂದೇ," ಅಂದಳು. ಆ ಮಾತು ಕೇಳಿದ್ದೇ ಕತ್ತರಿಯ ಅಳು ನಿಂತುಹೋಯಿತು.

"ಯಾರೂ ಎಲ್ಲೂ ಹೋಗೋ ಹಾಗಿಲ್ಲ," ಅಂದಳು. "ತಪ್ಪು ನಂದೇ ಅತ್ತಿಗೆ, ಒಪ್ಕೋತೀನಿ. ಆದ್ರೆ ಪ್ಯಾಂಟ್ ಉದ್ದ ಆಯ್ತು ಅಂತ ಗಿರಾಕೀನ ಹಿಂದಕ್ಕೆ ಕಳಿಸೋ ಅಂಗಡಿ ಎಲ್ಲೂ ಇಲ್ಲ. ಪ್ಯಾಂಟನ್ನೇ ಗಿಡ್ಡ ಮಾಡ್ತೀವಿ. ಫೋನು ಕೆಳಗಿಡಿ."

ಸಿಟ್ಟಿನಲ್ಲಿ ಚೀಲದಿಂದ ತನ್ನ ದೊಡ್ಡ ಕತ್ತರಿ ಎಳೆದಳು. ಇಸ್ತ್ರಿ ಮಾವ ಓಡಿಬಂದು ಕೈ ಹಿಡಿದ. "ಬಟ್ಟೆ ಕತ್ತರೀನ ತಂತಿಗೆ ಮುಟ್ಟಿಸ್ತೀಯಾ? ಬುದ್ಧಿ ನೆಟ್ಟಗಿದೆಯಾ ನಿಂಗೆ?"

ಲಿಫ್ಟಿನವನು ಜೇಬಿಗೆ ಕೈ ಹಾಕಿ ಕಟಿಂಗ್ ಪ್ಲೇಯರ್ ತೆಗೆದು ಅವಳ ಕೈಗೆ ಕೊಟ್ಟ. ಈ ಗಂಡನ್ನು ಒಪ್ಪಿದ್ದು ಒಳ್ಳೆಯದಾಯಿತು ಅಂತ ಅವಳಿಗೆ ಆ ಗಳಿಗೆಯಲ್ಲಿ ಅನ್ನಿಸಿತು.

ಕತ್ತರಿ ಕುರ್ಚಿಯಲ್ಲಿ ಕೂತು ಅಳತೆ ಹಿಡಿದಳು, ಲಿಫ್ಟಿನವನು ಎದುರು ಕೂತ. ಅವನ ಗಲ್ಲ ಕಾಣುವವರೆಗೂ ತಂತಿ ಕತ್ತರಿಸಿದಳು. ಪ್ರತಿ ಮೇಜಿನಲ್ಲೂ ಹಾಗೇ. ಹೂವು ಕೋನಿನ ತಲೆಯ ಮೇಲೇ ಬಂದು ಕೂತವು, ಮೊದಲಿಗಿಂತ ದಟ್ಟವಾಗಿ. ಅತ್ತಿಗೆ ತುಟಿ ಬಿಗಿದುಕೊಂಡು ನೋಡುತ್ತ ನಿಂತಿದ್ದಳು, ಆಮೇಲೆ ಹೇಳದೆ ಕೇಳದೆ ಹೊರಟುಹೋದಳು. ಕೊನೆಯದೊಂದು ಉಳಿದಾಗ ಕತ್ತರಿ ಪ್ಲೇಯರ್ ಹಿಂದಕ್ಕೆ ಕೊಟ್ಟಳು.

"ಇದು?" ಅಂದ ಲಿಫ್ಟಿನವನು.

"ಇದೊಂದು ಇರ್ಲಿ. ನಾಳೆ ಪ್ಲೇಯರ್ ಮರೀದೆ ತನ್ನಿ."

ಮದುವೆಯ ದಿನ ಮುಂದಿನ ಮೇಜುಗಳಲ್ಲಿ ಅಂಗಡಿಯವರು ಕೂತರು. ಅಣ್ಣ ಅತ್ತಿಗೆಗೂ ಅಲ್ಲೇ ಜಾಗ, ಗುಂಡಿ ಅಕ್ಕನ ಮೇಜಿನಲ್ಲೇ. ಅಣ್ಣ ಗುಂಡಿ ಅಕ್ಕನ ಪಕ್ಕ, ಅತ್ತಿಗೆ ಅವರಿಬ್ಬರ ಎದುರು, ನಡುವೆ ಆ ಎತ್ತರದ ಹೂವು.

"ಇದೊಂದು ಯಾಕೆ ಹೀಗೇ ಬಿಟ್ಟಿದ್ದೀಯ?" ಅಂದಳು ಅತ್ತಿಗೆ.

ಮದುಮಗಳು ಅವಳ ಕಿವಿಯ ಹತ್ತಿರ ಬಗ್ಗಿದಳು. "ಅಕ್ಕನ ಮುಖ ನೋಡ್ಕೊಂಡು ಊಟ ಮಾಡೋಕಾಗಲ್ಲ ಅಂದಿದ್ರಲ್ಲ. ನಿಮಗೆ ಅಂತಾನೇ ಉಳಿಸಿದೀನಿ."

ಊಟ ಶುರುವಾಯಿತು. ಕತ್ತರಿ ಅಂಗಡಿಗೆ ಸೇರಿದ ಹೊಸದರಲ್ಲಿ ಒಂದು ರಾಶಿ ಪ್ಯಾಂಟಿಗೆ ಬರೀ ಎಡಗಾಲೇ ಕತ್ತರಿಸಿಟ್ಟ ಕಥೆಯನ್ನು ಗುಂಡಿ ಅಕ್ಕ ತೆಗೆದಳು. ಅಣ್ಣನಿಗೆ ನಕ್ಕು ನಕ್ಕು ಕೆಮ್ಮು ಬಂತು. ಇಡೀ ಮೇಜು ನಗುತ್ತಿತ್ತು. ಅತ್ತಿಗೆ ಖಾಕಿ ಎಸಳುಗಳ ಹಿಂದೆ ಒಂಟಿಯಾಗಿ ಕೂತು, ಅತ್ತ ಬಾಗಿದಳು, ಇತ್ತ ಬಾಗಿದಳು. ಗಂಡ ನಗುವುದು ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಫೋಟೊದವನು ಬಂದು, "ಅಮ್ಮಾ, ನಿಮ್ಮ ಮುಖವೇ ಇಲ್ವಲ್ಲ," ಅಂದ.

ಅತ್ತಿಗೆ ಕೈ ಮಾಡಿ ಮದುಮಗಳನ್ನು ಕರೆದಳು. "ಇದನ್ನ ತೆಗೆದುಬಿಡೇ."

"ತೆಗೆದ್ರೆ ಮೇಜು ಬೋಳಾಗುತ್ತೆ. ಕತ್ತರಿಸ್ಲಾ?"

ಅತ್ತಿಗೆ ತಟ್ಟೆ ನೋಡಿದಳು. ಹೂವಿನ ಆಚೆ ಮತ್ತೆ ನಗು ಎದ್ದಿತು.

"ಕತ್ತರಿಸು," ಅಂದಳು.

ಮದುಮಗ ಹೊಸ ಕೋಟಿನ ಒಳಜೇಬಿನಿಂದ ಕಟಿಂಗ್ ಪ್ಲೇಯರ್ ತೆಗೆದುಕೊಟ್ಟ. ತಂತಿ ಕಟ್ ಅಂದಿತು. ಹೂವು ಕೆಳಗಿಳಿದು ಕೋನಿನ ಮೇಲೆ ಕೂತಿತು. ಅದರ ಹಿಂದೆ ಗುಂಡಿ ಅಕ್ಕ, ಸವೆದ ಹಲ್ಲು ಬಿಟ್ಟುಕೊಂಡು ನಗುತ್ತ, "ಆರಿಹೋಗುತ್ತಮ್ಮ, ಊಟ ಮಾಡಿ," ಅಂದಳು.

ಅತ್ತಿಗೆ ಆ ಮುಖ ನೋಡಿಕೊಂಡೇ ಊಟ ಮಾಡಿದಳು.