ಶೆಡ್ಡಿನ ಬಾಗಿಲ ಲೆಕ್ಕ

“ಕೀ ತಿರುಗಿಸಬೇಡಿ ಅಣ್ಣ! ಮೊದಲು ಕೈ ತೆಗೀರಿ!”

ಹಗ್ಗ ತರಲೆಂದು ಶೆಡ್ಡಿಗೆ ಹೋಗಿದ್ದ ಮಗಳು ಬರಿಗೈಯಲ್ಲೇ ಓಡಿಬಂದಳು. ಟ್ರ್ಯಾಕ್ಟರಿನ ಸೀಟಿನಲ್ಲಿ ಕೂತಿದ್ದ ಪಕ್ಕದ ಮನೆಯ ಬೇಕರಿಯವನು ಕೆಂಡ ಮುಟ್ಟಿದವನಂತೆ ಕೈ ಹಿಂದಕ್ಕೆ ಎಳೆದುಕೊಂಡ. ಅವನ ಹಿಂದೆ ಟ್ರೇಲರು. ಟ್ರೇಲರಿನಲ್ಲಿ ಮರದ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಅವಳಪ್ಪ. ನಾಲ್ಕು ಜನ ಏದುಸಿರು ಬಿಡುತ್ತಾ ಆಗತಾನೇ ಎತ್ತಿ ಇಟ್ಟಿದ್ದರು.

“ಏನಾಯ್ತೇ?” ಎಂದಳು ಸತ್ತವನ ತಂಗಿ.

“ಬಾಗಿಲ ಮೇಲೆ ಇನ್ನೂರೈವತ್ತು ಗೆರೆ ತುಂಬಿದೆ ಅತ್ತೆ. ಇಂಜಿನ್ ಎಣ್ಣೆ ಬದಲಾಯಿಸದೆ ಗಾಡಿ ಗೇಟು ದಾಟಂಗಿಲ್ಲ.”

ಗುಂಪಿನ ಹಿಂದಿನಿಂದ ಯಾರೋ ಕಿಸಕ್ಕೆಂದರು. ಕರ್ಚೀಫು ಕಣ್ಣಿಗೊತ್ತಿಕೊಂಡವರೆಲ್ಲ ಅದನ್ನೇ ಬಾಯಿಗೊತ್ತಿಕೊಂಡರು.

ಸತ್ತವನನ್ನು ಸುತ್ತಮುತ್ತಲಿನವರು ಕರೆಯುತ್ತಿದ್ದದ್ದೇ ‘ಇನ್ನೂರೈವತ್ತಣ್ಣ’ ಎಂದು. ಅವರಿವರ ಹೊಲ ಉಳುವುದು ಅವನ ಕಸುಬು. ಇನ್ನೂರೈವತ್ತು ಗಂಟೆ ಓಡಿದರೆ ಇಂಜಿನ್ ಎಣ್ಣೆ, ಅದರ ಜೊತೆಗೇ ಎಣ್ಣೆಯ ಫಿಲ್ಟರು. ಡೀಸೆಲ್ ಫಿಲ್ಟರು ಒಂದು ಸಲ ಬಿಟ್ಟು ಒಂದು ಸಲ. ಗಾಳಿಯ ಫಿಲ್ಟರಿನ ಧೂಳು ದಿನಾ ಸಂಜೆ. ಇದನ್ನು ಅವನು ಕೇಳಿದವರಿಗೂ ಹೇಳಿದ, ಕೇಳದವರಿಗೂ ಹೇಳಿದ. ಮಂಡಿ ಸವೆದಿದೆ ಎಂದ ಡಾಕ್ಟರಿಗೇ, “ಹೊತ್ತಿಗೆ ಸರಿಯಾಗಿ ಎಣ್ಣೆ ಬಿಡಬೇಕಿತ್ತು ಸಾರ್, ತಪ್ಪು ನಂದೇ” ಎಂದವನು.

ಮನೆಯ ಮೆಟ್ಟಿಲ ಮೇಲೆ ಕೂತಿದ್ದ ಅವನ ಹೆಂಡತಿ ಮಾತ್ರ ತಟ್ಟನೆ ಮುಂದಕ್ಕೆ ಬಾಗಿದಳು.

“ಬೇಡ ಬಿಡೆ. ಒಂದು ಸಲಕ್ಕೆ ಏನೂ ಆಗಲ್ಲ,” ಎಂದಳು.

ಮಗಳು ಕಣ್ಣರಳಿಸಿದಳು. “ಅಮ್ಮಾ, ಈ ಮಾತು ನಿನ್ನ ಬಾಯಲ್ಲಾ? ಮೂವತ್ತೆರಡು ವರ್ಷ ಆ ಬಾಗಿಲ ಮೇಲೆ ಗೆರೆ ಎಳೆದೋಳು ನೀನು!”

“ನಮ್ಮ ವ್ಯಾನಿಗೆ ವರ್ಷಕ್ಕೊಂದು ಸಲ ಹಾಕಿಸ್ತೀನಪ್ಪ. ಏನಾಗಿದೆ ಈಗ?” ಎಂದ ಬೇಕರಿಯವನು.

“ಅದಕ್ಕೇ ಅದು ನಿಮ್ಮ ಒಲೆಗಿಂತ ಜಾಸ್ತಿ ಹೊಗೆ ಉಗುಳೋದು.” ಹೀಗೆಂದವನು ಮೆಕ್ಯಾನಿಕ್, ಸತ್ತವನ ಬಾಲ್ಯದ ಗೆಳೆಯ. ಸಾವಿಗೆಂದು ತೊಟ್ಟು ಬಂದಿದ್ದ ಬಿಳಿ ಅಂಗಿಯ ತೋಳನ್ನು ಆಗಲೇ ಮಡಚತೊಡಗಿದ್ದ. “ಹುಡುಗಿ ಹೇಳೋದು ಸರಿ. ಅವನ ಮಾತನ್ನ ಅವನ ಎದುರಿಗೇ ಮುರಿಯೋದಾ? ಟ್ರೇಲರ್ ಕಟ್ಟೋಷ್ಟರಲ್ಲಿ ಇಂಜಿನ್ ಬೆಚ್ಚಗಾಗಿದೆ, ಎಣ್ಣೆ ಸಲೀಸಾಗಿ ಇಳಿಯುತ್ತೆ. ತಗೊಂಡು ಬಾರಮ್ಮ ಬಾಣಲಿ.”

“ಆಗಲಿ ಬಿಡಿ,” ಎಂದಳು ನಾದಿನಿ, ಅಂಗಳದ ಬೆಂಚಿನ ಮೇಲೆ ಆರಾಮಾಗಿ ಕೂರುತ್ತಾ. “ನಮ್ಮಣ್ಣ ತನ್ನ ಮದುವೆಗೇ ಎರಡು ಗಂಟೆ ತಡವಾಗಿ ಬಂದವನು. ಇವತ್ತೊಂದು ದಿನ ಬೇಗ ಹೋಗಿ ಯಾರನ್ನ ಉದ್ಧಾರ ಮಾಡ್ಬೇಕಾಗಿದೆ?”

ಜನ ನಕ್ಕರು. ಹೆಂಡತಿ ನಗಲಿಲ್ಲ. ಮೆಕ್ಯಾನಿಕ್ ಮಂಡಿಯೂರಿ ಇಂಜಿನ್ನಿನ ಕೆಳಗೆ ತೂರಿದ. ಇನ್ನೇನು ಎಣ್ಣೆ ಅವನ ಕೈಗೆ ಬೀಳುತ್ತದೆ. ಬೀಳುತ್ತಲೇ ಇಷ್ಟು ವರ್ಷದ ಅವಳ ಕಳ್ಳತನ ಊರೆಲ್ಲರ ಮುಂದೆ, ಅದಕ್ಕಿಂತ ಹೆಚ್ಚಾಗಿ ಆ ಪೆಟ್ಟಿಗೆಯ ಮುಂದೆ, ಬಯಲಾಗುತ್ತದೆ.

*

ಟ್ರ್ಯಾಕ್ಟರು ಬಂದ ಎರಡನೆಯ ವರ್ಷವೇ ಗಂಟೆ ತೋರಿಸುವ ಮೀಟರು ಕೆಟ್ಟಿತ್ತು. ರಿಪೇರಿ ಮಾಡಿಸಿದರೆ ತಿಂಗಳಿಗೇ ಮತ್ತೆ ಮುನಿಸಿಕೊಂಡಿತು. “ಹಾಳಾಗಿ ಹೋಗ್ಲಿ. ಮೀಟರಿಗಿಂತ ನಿನ್ನ ಮೇಲೆ ನಂಗೆ ನಂಬಿಕೆ ಜಾಸ್ತಿ,” ಎಂದ ಗಂಡ ಅವಳ ಕೈಗೊಂದು ಸೀಮೆಸುಣ್ಣ ಕೊಟ್ಟ. ದಿನಾ ಸಂಜೆ ಬಂದವನು ಕೈಕಾಲು ತೊಳೆಯುತ್ತಾ ಅಲ್ಲಿಂದಲೇ ಕೂಗುತ್ತಿದ್ದ: “ಇವತ್ತು ಒಂಬತ್ತು ಕಣೇ!” ಅವಳು ಶೆಡ್ಡಿನ ಬಾಗಿಲ ಮೇಲೆ ಒಂಬತ್ತು ಗೆರೆ ಎಳೆಯುತ್ತಿದ್ದಳು. ಐದೈದರ ಒಂದೊಂದು ಕಟ್ಟು. ಐವತ್ತು ಕಟ್ಟಾದರೆ ಎಣ್ಣೆ.

ಉಳುಮೆಯ ಕಾಲ ಬಂತೆಂದರೆ ಅವನು ಕಣ್ಣಿಗೆ ಬೀಳುತ್ತಿದ್ದದ್ದೇ ಕಡಿಮೆ. ಹೊತ್ತು ಹುಟ್ಟುವ ಮುಂಚೆ ಹೊರಟವನು ಹೊತ್ತು ಮುಳುಗಿದ ಮೇಲೆ ಬರುವನು, ಉಣ್ಣುತ್ತಲೇ ತೂಕಡಿಸುವನು. ಎಣ್ಣೆ ಬದಲಾಯಿಸುವ ದಿನ ಮಾತ್ರ ಮನೆಯಲ್ಲಿರುತ್ತಿದ್ದ. ಇಂಜಿನ್ನಿನ ತಳದ ಬಿರಡೆ ಬಿಚ್ಚಿ ಕೆಳಗೆ ಬಾಣಲಿಯಿಟ್ಟು, “ಇಳೀಲಿ. ಕೊನೇ ಹನಿವರೆಗೂ ಇಳೀಬೇಕು, ಅವಸರ ಮಾಡಬಾರದು” ಎಂದು ಬಕೆಟ್ಟು ಬೋರಲು ಹಾಕಿ ಕೂರುತ್ತಿದ್ದ. ಅವಳು ಇನ್ನೊಂದು ಬಕೆಟ್ಟಿನ ಮೇಲೆ. ನಡುವೆ ಇಸ್ಪೀಟು. ಎಡಚನಾದ ಅವನು ಎಲೆ ಹಂಚುತ್ತಿದ್ದದ್ದನ್ನು ನೋಡಿದರೆ ಇನ್ನೇನು ಎಲ್ಲ ಚೆಲ್ಲಾಪಿಲ್ಲಿ ಎನಿಸಬೇಕು, ಒಂದೂ ಬೀಳುತ್ತಿರಲಿಲ್ಲ. ಟಪ್, ಟಪ್ ಎಂದು ಎಣ್ಣೆ ತೊಟ್ಟಿಕ್ಕುತ್ತಿತ್ತು. ಮಧ್ಯಾಹ್ನ ಕಳೆಯುತ್ತಿತ್ತು. ಲೋಕದ ಮಾತೆಲ್ಲ ಆಡಿ ಮುಗಿಸುತ್ತಿದ್ದದ್ದು ಆಗಲೇ.

ಮಗಳು ಹೊಟ್ಟೆಯಲ್ಲಿದ್ದ ವರ್ಷ ಒಂದು ಸಂಜೆ ಅವನು “ಎಂಟು!” ಎಂದು ಕೂಗಿದ. ಅವಳ ಕೈ ಒಂಬತ್ತು ಎಳೆಯಿತು. ಭೂಮಿ ಬಾಯಿ ಬಿಡಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ಐದರ ಪ್ರತಿ ಕಟ್ಟಿನಲ್ಲೂ ಒಂದು ಗೆರೆ ಕದ್ದದ್ದು ಎಂದು ಅವಳೇ ಮನಸ್ಸಿನಲ್ಲಿ ಲೆಕ್ಕ ಇಟ್ಟಿದ್ದಳು. ಎಣ್ಣೆ ಹಳೆಯದಾಗಿ ಇಂಜಿನ್ ಸವೆದರೆ ಪಾಪ. ಹೊಸದಿರುವಾಗಲೇ ಬದಲಾಯಿಸಿದರೆ ಯಾರಿಗೇನು ನಷ್ಟ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಪ್ರತಿ ಸಲವೂ ಅವನು ಹಳೆಯ ಎಣ್ಣೆಯ ಒಂದು ಹನಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ ನೋಡುತ್ತಿದ್ದ. ಅವಳ ಜೀವ ಕೈಗೆ ಬರುತ್ತಿತ್ತು. ಅವನೋ, ದೊಡ್ಡ ಪಂಡಿತನ ಹಾಗೆ ತಲೆಯಾಡಿಸಿ, “ಸರಿಯಾದ ಹೊತ್ತಿಗೇ ಬಿಟ್ವಿ ನೋಡು” ಎನ್ನುತ್ತಿದ್ದ.

ಹೇಳಿಬಿಡಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದಳು. ನಾಳೆ ಹೇಳಿದರಾಯಿತು, ನಾಳಿದ್ದು ಹೇಳಿದರಾಯಿತು. ಮೊನ್ನೆ ಬೆಳಿಗ್ಗೆ ಟೀ ಲೋಟ ಹಿಡಿದುಕೊಂಡೇ ಅವನು ಕುರ್ಚಿಯಲ್ಲಿ ಕಣ್ಣು ಮುಚ್ಚಿದ. ಲೋಟದ ಟೀ ಒಂದು ಹನಿಯೂ ಚೆಲ್ಲಿರಲಿಲ್ಲ.

*

“ಬಂತು!” ಎಂದ ಬೇಕರಿಯವನು, ಮಗು ಹುಟ್ಟಿದಷ್ಟು ಸಂಭ್ರಮದಿಂದ.

ಕರ್ರಗಿನ ಎಣ್ಣೆ ದಾರದಂತೆ ಬಾಣಲಿಗೆ ಇಳಿಯಿತು. ಕಪ್ಪು ಬಣ್ಣ ಕಂಡು ಹೆಂಡತಿಗೆ ಹೋದ ಜೀವ ಬಂದಂತಾಯಿತು. ಆದರೆ ಮೆಕ್ಯಾನಿಕ್ ಬೆರಳು ಅದ್ದಿ ಉಜ್ಜಿದ, ಮೂಸಿದ, ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಉಜ್ಜಿದ.

“ಇದೇನಿದು! ಇದಿನ್ನೂ ಎಳೇ ಎಣ್ಣೆ.”

“ಅಷ್ಟು ಕಪ್ಪಗಿದೆಯಲ್ಲ?” ಎಂದಳು ನಾದಿನಿ.

“ಡೀಸೆಲ್ ಇಂಜಿನ್ನಲ್ಲಿ ಎಣ್ಣೆ ಎರಡೇ ದಿನಕ್ಕೆ ಕಪ್ಪಾಗುತ್ತೆ ತಾಯಿ. ಬಣ್ಣ ನೋಡಿ ಹೇಳೋದಲ್ಲ, ಬೆರಳಲ್ಲಿ ನೋಡಿ ಹೇಳೋದು. ಇದು ಓಡಿರೋದು ನೂರಿಪ್ಪತ್ತು ಗಂಟೆ. ಅದರ ಮೇಲೆ ಒಂದು ಗಂಟೆ ಜಾಸ್ತಿ ಅಂದ್ರೆ ನನ್ನ ಹೆಸರು ಬದಲಾಯಿಸಿ.”

ಹೆಂಡತಿ ನೆಲ ನೋಡಿದಳು. ಸಿಕ್ಕಿಬಿದ್ದೆ ಎಂದುಕೊಂಡಳು. ಮರುಗಳಿಗೆಯೇ ಅವಳೊಳಗೆ ಏನೋ ತಾಳೆಯಾಗದೆ ಹೋಯಿತು. ಕಟ್ಟಿಗೊಂದು. ಎಷ್ಟು ಗುಣಿಸಿ ಭಾಗಿಸಿದರೂ ಅವಳು ಕದ್ದದ್ದು ಐವತ್ತು ಗೆರೆ. ಇನ್ನೂರೈವತ್ತರಲ್ಲಿ ಐವತ್ತು ಹೋದರೆ ಇನ್ನೂರು ಉಳಿಯಬೇಕು. ನೂರಿಪ್ಪತ್ತೆಂದರೆ ಮಿಕ್ಕ ಎಂಬತ್ತು?

“ಅವನಿಗೆ ಗೊತ್ತಾಗಿಲ್ಲ ಅಂತೀಯಾ?” ಬೇಕರಿಯವನು ಕೇಳುತ್ತಿದ್ದ.

“ಯಾರಿಗೆ, ಅವನಿಗಾ?” ಮೆಕ್ಯಾನಿಕ್ ಗಹಗಹಿಸಿದ. “ಎಣ್ಣೆ ಉಜ್ಜಿ ನೋಡೋದನ್ನ ನನಗೆ ಕಲಿಸಿದವನೇ ಅವನು!”

ಆಕೆ ಎದ್ದಳು. ಸೆರಗು ಕಟ್ಟಿಕೊಂಡು ಶೆಡ್ಡಿನ ಕಡೆ ನಡೆದಳು. ಬಾಗಿಲು ಯಾವತ್ತೂ ಒಳಗಿನ ಕತ್ತಲೆ ಗೋಡೆಗೆ ಒರಗಿರುತ್ತಿತ್ತು. ಸಂಜೆಯ ಮಸುಕಿನಲ್ಲಿ ಕಟ್ಟುಗಳನ್ನಷ್ಟೇ ಎಣಿಸಿ ಅವಳಿಗೆ ರೂಢಿ. ಇವತ್ತು ಟ್ರೇಲರ್ ತೆಗೆಯಲೆಂದು ಯಾರೋ ಅದನ್ನು ಕೀಲಿನಿಂದ ಎತ್ತಿ ಬಿಸಿಲಿಗೆ ಒರಗಿಸಿದ್ದರು. ಒಂದೊಂದು ಗೆರೆಯೂ ನಿಚ್ಚಳವಾಗಿತ್ತು.

ಅವಳ ಗೆರೆಗಳು ನೆಟ್ಟಗೆ, ಬೇಲಿಯ ಗೂಟದ ಹಾಗೆ. ಅವುಗಳ ನಡುನಡುವೆ, ಸಾಲಿನ ಕೊನೆಕೊನೆಗೆ, ಗಾಳಿಗೆ ಬಾಗಿದ ಪೈರಿನಂತೆ ಎಡಕ್ಕೆ ವಾಲಿದ ಗೆರೆಗಳಿದ್ದವು. ಎಡಗೈಯವನ ಗೆರೆಗಳು. ಅವಳು ಒಂದೊಂದನ್ನೇ ಬೆರಳಿಟ್ಟು ಎಣಿಸುತ್ತಾ ಹೋದಳು. ಎಂಬತ್ತಕ್ಕೆ ಬಂದಾಗ ಅಳು ಬರುತ್ತದೆಂದುಕೊಂಡಳು, ಬಂದದ್ದು ನಗು. ಬಾಯಿ ಮುಚ್ಚಿಕೊಂಡರೂ ಭುಜ ಕುಣಿಯುವಷ್ಟು ನಗು.

“ಕಳ್ಳಾ,” ಎಂದಳು ಬಾಗಿಲಿಗೆ.

“ಅಮ್ಮಾ, ಅಳ್ಬೇಡ್ವೇ,” ಎನ್ನುತ್ತಾ ಮಗಳು ಹಿಂದಿನಿಂದ ಬಂದಳು. ಮುಖ ಕಂಡು ಗಲಿಬಿಲಿಗೊಂಡಳು. ಅವಳ ಕೈಯಲ್ಲಿ ಒದ್ದೆ ಬಟ್ಟೆಯಿತ್ತು. “ಹೊಸ ಎಣ್ಣೆ ತುಂಬಿ ಆಯ್ತು, ಫಿಲ್ಟರೂ ಹಾಕಿದ್ವಿ. ಕಡ್ಡಿ ಅದ್ದಿ ನೋಡಿದೆ, ಗೆರೆಗೆ ಸರಿಯಾಗಿದೆ. ಬಾಗಿಲು ಒರೆಸಿಬಿಡ್ಲಾ?”

“ಬೇಡ. ಇದನ್ನ ಯಾರೂ ಮುಟ್ಟಬೇಡಿ.” ಮೊಳೆಗೆ ತೂಗುಹಾಕಿದ್ದ ಡಬ್ಬಿಯಿಂದ ಒಂದು ತುಂಡು ಸೀಮೆಸುಣ್ಣ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. “ನಡಿ, ನಿಮ್ಮಪ್ಪನಿಗೆ ತಡವಾಯ್ತು.”

ಮಗಳು ಸೀಟು ಹತ್ತಿದಳು. ಅರ್ಧ ಕೀಲಿಗೇ ಇಂಜಿನ್ ಗುಟುರು ಹಾಕಿತು. ಮೆಕ್ಯಾನಿಕ್ ಬಗ್ಗಿ ಫಿಲ್ಟರಿನ ಸುತ್ತ ಬೆರಳಾಡಿಸಿದ, ಎಲ್ಲೂ ಜಿನುಗಿಲ್ಲವೆಂದು ಕೈ ಎತ್ತಿದ. ಅವನ ಬಿಳಿ ಅಂಗಿಯ ಹೊಟ್ಟೆಯ ಮೇಲೆ ಐದು ಬೆರಳೂ ಅಚ್ಚೊತ್ತಿದ್ದವು. ಹೆಂಡತಿ ಟ್ರೇಲರಿನಲ್ಲಿ ಪೆಟ್ಟಿಗೆಯ ಪಕ್ಕ ಬಕೆಟ್ಟು ಬೋರಲು ಹಾಕಿಸಿಕೊಂಡು ಕೂತಳು.

“ಅಕ್ಕಾ,” ಮೆಕ್ಯಾನಿಕ್ ಕೆಳಗಿನಿಂದ ಕೂಗಿದ, “ಹೋಗಿ ಬರೋಕೆ ಒಂದು ಗಂಟೆ ಆಗುತ್ತೆ. ಬರ್ಕೋಬೇಕಲ್ಲ!”

“ಬರ್ಕೋತೀನಿ.”

ಗಾಡಿ ಗೇಟು ದಾಟಿತು. ಆಕೆ ಪೆಟ್ಟಿಗೆಯ ಹಲಗೆಯ ಮೇಲೆ ನೆಟ್ಟಗೆ ಒಂದು ಗೆರೆ ಎಳೆದಳು. ಹಿಂದೆ ನಡೆದು ಬರುತ್ತಿದ್ದವರು ತಂತಮ್ಮ ಮಾತಿನಲ್ಲಿದ್ದರು. ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಸೀಮೆಸುಣ್ಣವನ್ನು ಎಡಗೈಗೆ ಬದಲಾಯಿಸಿ, ಅದರ ಪಕ್ಕಕ್ಕೆ ವಾಲಿದ ಇನ್ನೊಂದು ಗೆರೆ ಎಳೆದಳು.